ಬನ್ನಿ ಗಿಡಕ್ಕೆ ತೂಗಿದ ಲಿಂಬೆಸರ

ಝಳಕಿಯ ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದರೆ ಎರಡೂ ಮಗ್ಗುಲಿಗೆ ಲಿಂಬೆ ತೋಟಗಳು ಜೊತೆಗೆ ಬರುತ್ತವೆ. ತೋಟಗಳು ಮುಗಿಯುವ ಹೊತ್ತಿಗೆ ಒಂದು ಊರು, ಊರಿನ ತುದಿಗೆ ಸರಕಾರಿ ಶಾಲೆ, ಶಾಲೆಯ ಹಿಂದೆ ತಗಡಿನ ಪತ್ರಾಸು ಹೊದೆಸಿದ ಅಡುಗೆಕೋಣೆ. ಆ ಅಡುಗೆಕೋಣೆ ಸಿದ್ದವ್ವನದು. ಕಾಗದದ ಮೇಲೆ ಅದು ಸರಕಾರದ್ದೇ ಇರಬಹುದು. ಆದರೆ ಹೆಡ್‌ಮಾಸ್ತರ ಬಸಂತರಾಯರು ಕೂಡ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬರಬಹುದೇ ಎಂದು ಕೇಳಿಯೇ ಕಾಲಿಡುತ್ತಾರೆ.

ಸಿದ್ದವ್ವ ಹುಟ್ಟಿದ್ದು ಹೂವಿನ ಹಿಪ್ಪರಗಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಳು. ಬಿಡಿಸಿದವರು ಅಪ್ಪನೂ ಅಲ್ಲ, ಅವ್ವನೂ ಅಲ್ಲ, ಆ ವರ್ಷ ಹುಟ್ಟಿದ ಕುರಿಮರಿಗಳು ಎಂದು ಈಗಲೂ ನಗುತ್ತಾ ಹೇಳುತ್ತಾಳೆ. ಮದುವೆಯಾಗಿ ಈ ಊರಿಗೆ ಬಂದಳು. ಗಂಡ ಬೀರಣ್ಣ ವರ್ಷದ ಅರ್ಧ ಕುರಿಗಳ ಹಿಂದೆಯೇ ಇರುತ್ತಾನೆ. ಸಂಕ್ರಾಂತಿ ಕಳೆದ ಮೇಲೆ ಮುದ್ದೇಬಿಹಾಳದ ಕಾಲುವೆ ನೀರಿನ ಹೊಲಗಳ ಕಡೆಗೆ ಹಿಂಡು ಹೊಡೆದುಕೊಂಡು ಹೋದರೆ ಮತ್ತೆ ಮನೆ ಕಾಣುವುದು ಮಳೆ ಬಿದ್ದ ಮೇಲೆಯೇ. ಮನೆಯಲ್ಲಿ ಹಾಲಿಗೆಂದು ಎರಡು ಆಡು, ಮೂಲೆಯಲ್ಲಿ ಒಂದು ಕರಿ ಕಂಬಳಿ, ಮತ್ತು ಸಿದ್ದವ್ವ.

ಊರಿನ ಶಾಲೆಗೆ ಬಿಸಿಯೂಟ ಬಂದ ವರ್ಷ ಸೌಟು ಹಿಡಿದವಳು ಇನ್ನೂ ಕೆಳಗಿಟ್ಟಿಲ್ಲ. ಅವಳ ಕೈಯ ಅನ್ನ ಉಂಡು ಬೆಳೆದವರಲ್ಲಿ ಒಬ್ಬಳು ಸಿಂದಗಿಯ ದವಾಖಾನೆಯಲ್ಲಿ ನರ್ಸು, ಒಬ್ಬ ಇಂಡಿ ಡಿಪೋದ ಬಸ್ಸಿನಲ್ಲಿ ಕಂಡಕ್ಟರ. ಆ ಕಂಡಕ್ಟರ ತುಂಬಿದ ಬಸ್ಸಿನಲ್ಲಿ ಆಚೆ ತುದಿಯಿಂದಲೇ, ಇವತ್ತು ಸಾರಿಗೆ ಏನು ಹಾಕಿದ್ದೆ ಆಯಿ ಎಂದು ಕೂಗಿ ಕೇಳುತ್ತಾನೆ. ಸಿದ್ದವ್ವ ಆ ಮಾತಿಗೆ ಎರಡು ಸಲ ಉತ್ತರ ಕೊಡುತ್ತಾಳೆ, ಮೊದಲ ಸಲಕ್ಕೆ ತಿರುಗಿ ನೋಡದವರು ಎರಡನೆಯದಕ್ಕಾದರೂ ನೋಡಲಿ ಎಂದು.

ಅಡುಗೆಕೋಣೆಯ ಕಿಟಕಿ ಏಳನೇ ಇಯತ್ತೆಯ ಕೋಣೆಯ ಕಿಟಕಿಗೆ ಎದುರಾಗಿದೆ. ನಡುವೆ ಒಂದು ಎತ್ತಿನಗಾಡಿ ಹಾಯುವಷ್ಟು ಜಾಗ. ಬೇಳೆ ಬೇಯುವ ಹೊತ್ತಿನಲ್ಲಿ ಆ ಕಿಟಕಿಯಿಂದ ಬಂದ ಪಾಠವೆಲ್ಲ ಅವಳ ಕಿವಿಗೆ ಬಿದ್ದೇ ಬೀಳುತ್ತದೆ. ಅಕ್ಬರ ಯಾವಾಗ ಪಟ್ಟಕ್ಕೆ ಬಂದ ಎಂಬುದು ಅವಳ ತಲೆಯಲ್ಲಿ ನಿಲ್ಲಲಿಲ್ಲ. ಆದರೆ ರಾಜಶ್ರೀ ಟೀಚರು ಬಂದ ಮೇಲೆ ವಿಜ್ಞಾನದ ಪಾಠ ನಿಲ್ಲತೊಡಗಿತು.

ರಾಜಶ್ರೀ ಸಿಂದಗಿ ತಾಲೂಕಿನ ಮೋರಟಗಿಯವಳು. ಅವಳದೂ ಕುರಿ ಸಾಕುವವರ ಮನೆ, ಅವರ ಮನೆತನದಲ್ಲಿ ಮೊದಲು ಬಿ.ಎಸ್ಸಿ. ಮಾಡಿದವಳು ಅವಳೇ. ಸಿದ್ದವ್ವ ಕಿಟಕಿಗೆ ಕಿವಿ ಕೊಟ್ಟು ನಿಲ್ಲುವುದನ್ನು ಬಂದ ವಾರದಲ್ಲೇ ನೋಡಿದಳು. ನೋಡಿ ಕಿಟಕಿ ಮುಚ್ಚಲಿಲ್ಲ. ದನಿಯನ್ನು ಒಂದಿಷ್ಟು ಏರಿಸಿದಳು. ಅಷ್ಟಕ್ಕೇ ಸಿದ್ದವ್ವ ಅವಳನ್ನು ಮಗಳ ಲೆಕ್ಕಕ್ಕೆ ಸೇರಿಸಿಕೊಂಡಳು.

ಅಯಸ್ಕಾಂತದ ಪಾಠ ಮುಗಿದಾಗ ಟೀಚರು ಒಡೆದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಅಡುಗೆಕೋಣೆಗೇ ಕೊಟ್ಟುಬಿಟ್ಟಳು. ಸಿದ್ದವ್ವ ಅದನ್ನು ದಿನಾ ಅಕ್ಕಿಯ ಮೇಲೆ ಒಮ್ಮೆ ಆಡಿಸುತ್ತಾಳೆ. ಚೀಲ ಹೊಲಿದ ತಂತಿಯ ಚೂರು, ತುಕ್ಕು ಹಿಡಿದ ಪಿನ್ನು ಏನಾದರೂ ಅಂಟಿಕೊಂಡು ಬಂದರೆ ಜೊತೆಗೆ ಅಡುಗೆ ಮಾಡುವ ಫಿರದೋಸಳಿಗೆ ಕರೆದು ತೋರಿಸಬೇಕು. ಸಿಗದ ದಿನ ಸಿದ್ದವ್ವನ ಮುಖ ಸಣ್ಣದಾಗುತ್ತದೆ, ಹಾಗಾಗಿ ನಾನೇ ಒಂದು ಪಿನ್ನು ಹಾಕಿಡುತ್ತೇನೆ ಎಂದು ಫಿರದೋಸ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ.

ಬ್ಯಾಟರಿಯ ಪಾಠ ಬಂದಾಗ ಮಾತ್ರ ಸಿದ್ದವ್ವ ಕಿಟಕಿಯಿಂದಲೇ ಒಂದು ಪ್ರಶ್ನೆ ಕೇಳಿದಳು. ಬೀರಣ್ಣ ಟಾರ್ಚಿನ ಸೆಲ್ಲು ಸೋತಾಗ ಅವನ್ನು ಬಂಡೆಯ ಮೇಲೆ ಬಿಸಿಲಿಗೆ ಸಾಲಾಗಿ ಇಡುತ್ತಾನೆ. ಸಂಜೆಗೆ ಟಾರ್ಚು ಮತ್ತೆ ಹತ್ತುತ್ತದೆ. ಹಾಗಾದರೆ ಸೆಲ್ಲು ಬಿಸಿಲು ಕುಡಿಯುತ್ತದೆಯೇ? ಹುಡುಗರು ನಕ್ಕರು. ಟೀಚರು ನಗಲಿಲ್ಲ. ಸೆಲ್ಲಿನೊಳಗೆ ಒಂದು ಸತುವಿನ ಡಬ್ಬಿ ಇದೆ, ಅದು ಕರಗುತ್ತಾ ಕರಗುತ್ತಾ ವಿದ್ಯುತ್ತು ಕೊಡುತ್ತದೆ, ಬಿಸಿಲಿನ ಕಾವಿಗೆ ಒಳಗೆ ಉಳಿದದ್ದು ತುಸು ಚುರುಕಾಗುತ್ತದೆಯೇ ಹೊರತು ಹೊಸದಾಗಿ ಏನೂ ತುಂಬುವುದಿಲ್ಲ ಎಂದು ಬಿಡಿಸಿ ಹೇಳಿದಳು. ಸಿದ್ದವ್ವ ಅದನ್ನು ಅಂದೇ ಗಂಡನಿಗೆ ಫೋನಿನಲ್ಲಿ ಹೇಳಿದಳು. ನಮ್ಮಪ್ಪನ ಕಾಲದಿಂದ ನೋಡುತ್ತಿದ್ದೇನೆ, ನಿನ್ನ ಟೀಚರು ಯಾವ ಅಡವಿಯಲ್ಲಿ ಕುರಿ ಕಾಯ್ದಿದ್ದಾಳೆ ಎಂದು ಬೀರಣ್ಣ ಫೋನು ಇಟ್ಟ.

ಇಷ್ಟು ಹೇಳಿದ ಮೇಲೆ ಲಿಂಬೆಹಣ್ಣಿನ ಸುದ್ದಿಗೆ ಬರಬಹುದು.

ಫೆಬ್ರುವರಿ ಕೊನೆಗೆ ಶಾಲೆಯಲ್ಲಿ ವಿಜ್ಞಾನ ದಿನ ಮಾಡುತ್ತಾರೆ. ಅದರ ತಯಾರಿಗೆಂದು ರಾಜಶ್ರೀ ಟೀಚರು ಏಳನೇ ಇಯತ್ತೆಯ ಮಕ್ಕಳಿಗೆ ಲಿಂಬೆಹಣ್ಣು, ಪತ್ರಾಸಿಗೆ ಹೊಡೆಯುವ, ಸತುವಿನ ಲೇಪದ ಬಿಳಿ ಮೊಳೆ ಮತ್ತು ತಾಮ್ರದ ತಂತಿ ತರಲು ಹೇಳಿದಳು. ಲಿಂಬೆಗೆ ಈ ಊರಿನಲ್ಲಿ ಬರವಿಲ್ಲ, ಮೊಳೆಗೂ ಇಲ್ಲ. ತಂತಿ ತಂದವಳು ರಾಜೇಶ್ವರಿ, ಶಾಲೆಯ ಹಿಂದಿನ ಲಿಂಬೆ ತೋಟದ ರೇವಪ್ಪ ಸಾವಕಾರನ ಮಗಳು. ಅವಳು ಆ ಬೆಳಿಗ್ಗೆ ಅಡುಗೆಕೋಣೆಯ ಹಿಂದೆ ಕೂತು, ಸಿದ್ದವ್ವ ಕುಡುಗೋಲು ಮಸೆಯುವ ಕಲ್ಲಿಗೆ ತಂತಿಯ ತುದಿಗಳನ್ನು ಗಸಗಸ ತಿಕ್ಕುತ್ತಿದ್ದಳು. ಕಲ್ಲು ಕೆಡಿಸುತ್ತೀ ಎಂದು ಸಿದ್ದವ್ವ ಗದರಿದಾಗ ಹುಡುಗಿ ಬೆಚ್ಚಿ ಎದ್ದು, ಅಪ್ಪನಿಗೆ ಮಾತ್ರ ಹೇಳಬೇಡ ಆಯಿ ಎಂದಳು. ಹಿಂದೊಮ್ಮೆ ಸುಟ್ಟ ಮೋಟಾರಿನಿಂದ ತೆಗೆದ ತಂತಿ ರೇವಪ್ಪನ ಶೆಡ್ಡಿನಲ್ಲಿ ಚೀಲ ತುಂಬ ಇತ್ತು, ಅದರಿಂದ ಒಂದು ಮೊಳದಷ್ಟು ಕೇಳದೆ ತಂದಿದ್ದಳು. ರೇವಪ್ಪ ಕೆಟ್ಟವನಲ್ಲ, ಸಿಟ್ಟಿನವನು. ಏಳನೆಯದು ಮುಗಿದ ಮೇಲೆ ಮಗಳನ್ನು ಮುಂದೆ ಓದಿಸಬೇಕೋ, ಬಸವನ ಬಾಗೇವಾಡಿಯ ತಂಗಿಯ ಮನೆಯಲ್ಲಿ ಬಿಡಬೇಕೋ ಎಂದು ಆಗಲೇ ಆಡುತ್ತಿದ್ದ. ಶಾಲೆ ಕಳವು ಕಲಿಸುತ್ತದೆ ಎಂದು ಗೊತ್ತಾದರೆ ಅವನು ಯಾವ ಕಡೆಗೆ ವಾಲುತ್ತಾನೆ ಎಂಬುದು ಹುಡುಗಿಗೂ ಗೊತ್ತಿತ್ತು, ಸಿದ್ದವ್ವನಿಗೂ ಗೊತ್ತಿತ್ತು.

ಟೀಚರು ಆರು ಹಣ್ಣು ಸಾಲಾಗಿ ಇಟ್ಟಳು. ಒಂದೊಂದಕ್ಕೂ ಒಂದು ಮೊಳೆ, ಒಂದು ತಂತಿಯ ತುಂಡು. ಈ ಹಣ್ಣಿನ ಮೊಳೆಗೆ ಮುಂದಿನ ಹಣ್ಣಿನ ತಂತಿ ಕಟ್ಟಿ, ಕೊನೆಯ ಎರಡು ತುದಿಗೆ ಜೋಳದ ಕಾಳಿನಷ್ಟು ದೊಡ್ಡ ಕೆಂಪು ದೀಪ ಸೇರಿಸಿದಳು. ದೀಪ ಹತ್ತಿತು ಎಂದು ಅವಳು ಹೇಳಿದಳು, ಆದರೆ ಹಗಲ ಬೆಳಕಿಗೆ ಯಾರಿಗೂ ಕಾಣಲಿಲ್ಲ. ಆಗ ಹುಡುಗರು ಓಡಿಬಂದು ಸಿದ್ದವ್ವನ ಕಂಬಳಿ ಕೇಳಿದರು. ಕಂಬಳಿಯನ್ನು ಅವಳು ಯಾರ ಕೈಗೂ ಕೊಡುವವಳಲ್ಲ, ತಾನೇ ಮನೆಗೆ ಹೋಗಿ ಹೊತ್ತು ತಂದಳು. ಮೇಜಿನ ಮೇಲೆ ಹರವಿ, ಇಬ್ಬಿಬ್ಬರೇ ಒಳಗೆ ತಲೆ ಹಾಕಿ ನೋಡಬೇಕೆಂದು ಅಪ್ಪಣೆ ಮಾಡಿ, ಕಡೆಗೆ ತಾನೂ ತಲೆ ಹಾಕಿದಳು. ಕತ್ತಲೆಯಲ್ಲಿ, ಉಣ್ಣೆಯ ವಾಸನೆ ಮತ್ತು ಲಿಂಬೆಯ ವಾಸನೆಯ ನಡುವೆ, ಕುಂಕುಮದ ಬೊಟ್ಟಿನಷ್ಟು ಬೆಳಕು.

ಪಾಠ ಮುಗಿದ ಮೇಲೆ ಟೀಚರು ಹಣ್ಣಿನ ಸರವನ್ನು ಸಿದ್ದವ್ವನಿಗೆ ಒಪ್ಪಿಸಿದಳು. ಮೊಳೆಯ ಸತು ರಸದಲ್ಲಿ ಇಳಿದಿರುತ್ತದೆ, ಸಾರಿಗೆ ಹಿಂಡಬೇಡ, ಮಕ್ಕಳ ಕೈಗೂ ಕೊಡಬೇಡ, ಮೊಳೆ ಕಿತ್ತು ಎಲ್ಲಾದರೂ ಹುಗಿದುಬಿಡು ಎಂದಳು. ಮೊಳೆ ಕೀಳಲು ಸಿದ್ದವ್ವ ಕೂತಳು, ಅಷ್ಟರಲ್ಲಿ ಒಲೆಯ ಮೇಲೆ ಅನ್ನ ಉಕ್ಕಿತು. ತಿಪ್ಪೆಗೆ ಚೆಲ್ಲೋಣವೆಂದರೆ ಆಡುಗಳು ಬಾಯಿ ಹಾಕುತ್ತವೆ, ಮೊಳೆ ಹೊಟ್ಟೆಗೆ ಹೋದರೆ ಆಡು ಉಳಿಯುವುದಿಲ್ಲ. ದಾರಿಗೆ ಬಿಸಾಡುವಂತಿಲ್ಲ. ಲಿಂಬೆಹಣ್ಣನ್ನು, ಅದರಲ್ಲೂ ಮೊಳೆ ಕಂಡ ಹಣ್ಣನ್ನು, ನಾಲ್ಕು ಮಂದಿ ದಾಟುವ ಕಡೆ ಹಾಕುವ ರೂಢಿ ನಮ್ಮಲ್ಲಿಲ್ಲ. ಹಾಗಾಗಿ ಅವಳು ಸರವನ್ನು ಒಯ್ದು, ಶಾಲೆಯ ಗೋಡೆಗೂ ರೇವಪ್ಪನ ಬದುವಿಗೂ ನಡುವೆ ಇರುವ ಬನ್ನಿ ಗಿಡದ ಕೊಂಬೆಗೆ ಎತ್ತರದಲ್ಲಿ ತೂಗಿಬಿಟ್ಟಳು, ಸಂಜೆ ಬಂದು ಬಿಚ್ಚಿ ಹುಗಿದರಾಯಿತೆಂದು. ಸಂಜೆ ಮರೆತುಹೋಯಿತು.

ಅದೇ ರಾತ್ರಿ ರೇವಪ್ಪನ ಬಾವಿಯ ಮೋಟಾರು ಸುಟ್ಟಿತು.

ಮರುದಿನ ಬೆಳಿಗ್ಗೆ ರೇವಪ್ಪ ಶಾಲೆಯ ಪಡಸಾಲೆಗೆ ಬಂದ. ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೆ ಲಿಂಬೆಸರ. ಕೈಯಿಂದ ಮುಟ್ಟಿರಲಿಲ್ಲ. ಹಿಂದೆ ಹತ್ತಾರು ಮಂದಿ, ಅವರಲ್ಲಿ ಶಾಲೆಯ ಸಮಿತಿಯ ಅಧ್ಯಕ್ಷ ಸಂಗಣ್ಣ ಮುತ್ಯಾ ಕೂಡ ಇದ್ದ. ರಾಜಶ್ರೀ ಟೀಚರು ಆ ದಿನ ತರಬೇತಿಗೆಂದು ಇಂಡಿಗೆ ಹೋಗಿದ್ದಳು. ಬಸಂತರಾಯರು ಫೋನು ಹಚ್ಚಿದರು, ತರಬೇತಿಯಲ್ಲಿದ್ದವಳು ಎತ್ತಲಿಲ್ಲ.

“ಮಾಸ್ತರ್ರ, ಇದು ನಮ್ಮ ಬದುವಿನ ಬನ್ನಿ ಗಿಡದಾಗ ಇತ್ತು,” ಎಂದ ರೇವಪ್ಪ. “ಒಂದೊಂದು ಹಣ್ಣಿಗೂ ಮೊಳಿ ಹೊಡದಾರ. ಈ ತಂತಿ ನೋಡ್ರಿ. ನಮ್ಮ ಮೋಟಾರಿಂದು. ನಾ ಗುರ್ತ ಹಿಡಿತೇನಿ.”

ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಟ ಮಾಡಲು ಎದುರಿನವರದೇ ಒಂದು ವಸ್ತು ಬೇಕು ಎನ್ನುತ್ತಾರೆ. ಮನುಷ್ಯನಿಗಾದರೆ ಕೂದಲು, ಬಟ್ಟೆಯ ಚೂರು. ಮೋಟಾರಿಗೆ ಮಾಡಬೇಕಾದರೆ ಮೋಟಾರಿನ ಕರುಳೇ ಬೇಕಲ್ಲ. ಮೋಟಾರಿನ ತಂತಿ ಲಿಂಬೆಯೊಳಗೆ ಸಿಕ್ಕಿತ್ತು, ಅದೇ ರಾತ್ರಿ ಮೋಟಾರು ಸುಟ್ಟಿತ್ತು. ಇದಕ್ಕಿಂತ ಗಟ್ಟಿ ಸಾಕ್ಷಿ ಯಾರಿಗೂ ಬೇಕೆನಿಸಲಿಲ್ಲ.

ಸಿದ್ದವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಸಾವ್ಕಾರ್ರ, ಅದನ್ನ ತೂಗಿದಾಕಿ ನಾನು.”

ಹೋದ ತಿಂಗಳು ಅವಳ ಆಡು ರೇವಪ್ಪನ ಲಿಂಬೆ ಸಸಿ ಮೇಯ್ದದ್ದು, ಅವನು ಬೈದದ್ದು, ಇವಳು ಮೂರು ಓಣಿಗೆ ಕೇಳುವಂತೆ ತಿರುಗಿ ಬೈದದ್ದು ಎಲ್ಲರಿಗೂ ನೆನಪಿತ್ತು. ಸಿದ್ದವ್ವ ನಡೆದದ್ದನ್ನು ಮೊದಲಿನಿಂದ ಹೇಳಿದಳು. ಟೀಚರು ಹಣ್ಣಿನಿಂದ ದೀಪ ಹಚ್ಚಿದ್ದು, ಆಡು ತಿಂದೀತೆಂದು ತಾನು ಮೇಲೆ ತೂಗಿದ್ದು, ಮರೆತದ್ದು. ಕೇಳಿದ ಸಂಗಣ್ಣ ಮುತ್ಯಾ ರುಮಾಲು ತೆಗೆದು ತಲೆ ಕೆರೆದುಕೊಂಡ.

“ಲಿಂಬಿಕಾಯಿಂದ ದೀಪ ಹತ್ತೂದಾದ್ರ ಇಷ್ಟ ಲಿಂಬಿ ಬೆಳೆಯೂ ನಮ್ಮ ಇಂಡಿಗೆ ಕರೆಂಟಿನ ಬಿಲ್ಲ ಯಾಕ ಬರತೈತವ್ವಾ?”

ನಗೆಯೆದ್ದಿತು. ರೇವಪ್ಪ ನಗಲಿಲ್ಲ. “ಅದಿರಲಿ. ನಮ್ಮ ತಂತಿ ನಿನ್ನ ಕೈಗೆ ಹ್ಯಾಂಗ ಬಂತು? ಅದನ್ನ ಹೇಳು.”

ಪಡಸಾಲೆಯ ಕಂಬಕ್ಕೆ ಆತು ನಿಂತ ಮಕ್ಕಳ ಗುಂಪಿನಲ್ಲಿ ರಾಜೇಶ್ವರಿಯ ಮುಖ ಸಿದ್ದವ್ವನಿಗೆ ಕಂಡಿತು. ಬಣ್ಣ ಹೋದ ಮುಖ. ಒಂದು ಹೆಸರು ಹೇಳಿದರೆ ಈ ಮಾತೆಲ್ಲ ಇಲ್ಲಿಗೇ ಮುಗಿಯುತ್ತಿತ್ತು. ಹುಡುಗಿಯ ಶಾಲೆಯೂ ಬಹುಶಃ ಇಲ್ಲಿಗೇ ಮುಗಿಯುತ್ತಿತ್ತು.

“ಅದೊಂದು ಕೇಳಬ್ಯಾಡ್ರಿ,” ಎಂದಳು. “ಹೇಳಂಗಿಲ್ಲ.”

ಇದರಿಂದ ಅವಳ ಮಾತಿಗೆ ಇದ್ದ ಅಷ್ಟಿಷ್ಟು ಬಲವೂ ಹೋಯಿತು. ಹಾಗಾದರೆ ಭಂಡಾರ ಹಿಡಿದು ಆಣೆ ಮಾಡಲಿ ಎಂದು ಹಿಂದಿನಿಂದ ಯಾರೋ ಅಂದರು. ಬೀರಪ್ಪ ದೇವರ ಅರಿಸಿನ ಭಂಡಾರ ಅಂಗೈಯಲ್ಲಿ ಹಿಡಿದು ಅವಳ ಮಂದಿ ಸುಳ್ಳು ಹೇಳುವುದಿಲ್ಲ, ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಬಸಂತರಾಯರಿಗೂ ಅದೇ ಸುಲಭದ ದಾರಿ ಎನಿಸಿ, ಮಾಡಿಬಿಡವ್ವಾ ಎಂದರು. ಸಿದ್ದವ್ವ ಸೌಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ಭಂಡಾರ ನಮ್ಮ ದೇವ್ರದು. ಲಿಂಬಿಕಾಯಿ ಸಲುವಾಗಿ ಅದನ್ನ ಎತ್ತಂಗಿಲ್ರಿ. ನಾಳಿಗೆ ಅಕ್ಕೋರು ಬರ್ತಾರ. ಇಲ್ಲೇ, ನಿಮ್ಮೆಲ್ಲಾರ ಎದುರಿಗೆ, ದೀಪ ಹಚ್ಚಿ ತೋರಸ್ತೇವಿ. ಹತ್ತಲಿಲ್ಲಂದ್ರ ಈ ಸೌಟು ಮಾಸ್ತರ ಟೇಬಲ್ ಮ್ಯಾಲ ಇಟ್ಟು ಮನಿಗಿ ಹೋಗ್ತೇನಿ.”

ರೇವಪ್ಪ ಕೋಲನ್ನು ಗೋಡೆಗೆ ಆನಿಸಿದ. “ಹಣ್ಣು ನಮ್ಮ ತೋಟದ್ದು, ಮೊಳಿ ನಮ್ದು, ತಂತಿ ನಮ್ಮನಿದು. ದೀಪ ಅಷ್ಟ ನಿಮ್ದು. ಆಗಬಹುದೇನು?”

“ಆಗಲಿ.”

ಆ ದಿನ ಮಕ್ಕಳು ಉಣ್ಣಲಿಲ್ಲ. ಸಾಲಾಗಿ ಕೂತರು, ಆದರೆ ತಾಟು ಮುಂದೆ ಮಾಡಲಿಲ್ಲ. ಸಿದ್ದವ್ವನ ಕೈಯಿಂದ ತುತ್ತು ಮುಟ್ಟಕೂಡದೆಂದು ಮನೆಗಳಿಂದ ಹೇಳಿಕಳಿಸಿದ್ದರು. ಕೆಲವರು ಬುತ್ತಿ ತಂದಿದ್ದರು, ತರದವರು ನೀರು ಕುಡಿದರು. ದೊಡ್ಡ ಪಾತ್ರೆಯ ತುಂಬ ಅನ್ನ ಬೆಳ್ಳಗೆ ಆರುತ್ತಾ ಕೂತಿತ್ತು. ಎರಡನೇ ಇಯತ್ತೆಯ ಒಂದಿಬ್ಬರು ಹಸಿವು ತಾಳದೆ ಕಿಟಕಿಯ ಹತ್ತಿರ ಬಂದಾಗ ಫಿರದೋಸ ತಡೆಯಲಾರದೆ ಸೌಟಿಗೆ ಕೈ ಹಾಕಿದಳು. ಸಿದ್ದವ್ವ ಅವಳ ಕೈ ಹಿಡಿದಳು.

“ಕದ್ದು ಉಣ್ಣೂ ಅನ್ನ ಅಲ್ಲ ಅದು. ನಿಮ್ಮ ಮನಿಗಿ ಕರಕೊಂಡು ಹೋಗಿ ರೊಟ್ಟಿ ಕೊಡು.”

ಫಿರದೋಸ ಅವರನ್ನು ಕರೆದುಕೊಂಡು ಹೋದಳು. ಸಿದ್ದವ್ವ ಅನ್ನದ ಪಾತ್ರೆಯ ಮುಂದೆ ಒಬ್ಬಳೇ ಕೂತಳು. ಇಷ್ಟು ವರ್ಷದಲ್ಲಿ ಅನ್ನ ಕಡಿಮೆ ಬಿದ್ದ ದಿನಗಳಿದ್ದವು, ಉಳಿದ ದಿನ ಒಂದೂ ಇರಲಿಲ್ಲ. ಸೌಟು ಹೋದರೆ ಸಂಬಳ ಹೋಗುತ್ತದೆ, ಅದು ದೊಡ್ಡದಲ್ಲ, ತಿಂಗಳಿಗೆ ಒಂದು ಕುರಿಮರಿ ಮಾರಿದರೆ ಬರುವಷ್ಟು. ಆದರೆ ಸಿದ್ದವ್ವನ ಕೈ ಅನ್ನ ಬೇಡ ಎಂದು ಮಕ್ಕಳು ಕಲಿತರೆ, ಆ ನರ್ಸು, ಆ ಕಂಡಕ್ಟರ, ಬಸ್ಸಿನಲ್ಲಿ ತಿರುಗಿ ನೋಡಿದ ಆ ಮುಖಗಳು, ಎಲ್ಲವೂ ಹಿಂದಕ್ಕೆ ಹೋದಂತೆಯೇ. ದೀಪ ಹೇಗೆ ಹತ್ತುತ್ತದೆ ಎಂಬುದು ಅವಳಿಗೆ ಅರ್ಧಮರ್ಧ ಗೊತ್ತಿತ್ತು. ಹತ್ತುತ್ತದೆ ಎಂಬುದಕ್ಕೆ ಮಾತ್ರ ತನ್ನ ಎರಡು ಕಣ್ಣು ಸಾಕ್ಷಿ. ಅದರ ಮೇಲೆ ಸೌಟು ಒತ್ತೆ ಇಟ್ಟು ಬಂದಿದ್ದಳು.

ಸಂಜೆ ಟೀಚರಿನ ಫೋನು ಬಂತು. ಬಸಂತರಾಯರಿಂದ ಅವಳಿಗೆ ಸುದ್ದಿ ತಿಳಿದಿತ್ತು. ನನ್ನ ಪಾಠಕ್ಕೆ ನೀನು ಯಾಕೆ ಸೌಟು ಒಡ್ಡಿದೆ ಎಂದು ಕೇಳಿದಳು. ನಿನ್ನೆ ದೀಪ ಹತ್ತಿದ್ದೇ ಕಷ್ಟದಿಂದ, ನಾಳೆ ಏನಾಗುತ್ತದೋ ಎಂದೂ ಹೇಳಿಬಿಟ್ಟಳು. ಸಿದ್ದವ್ವ ಅವಳಿಗೆ ಉಂಡು ಮಲಗಲು ಹೇಳಿದಳು. ತಾನು ಉಣ್ಣಲಿಲ್ಲ.

ಮರುದಿನ ಪಡಸಾಲೆಯಲ್ಲಿ ಮೇಜು ಹಾಕಿದರು. ರೇವಪ್ಪ ತೋಟದಿಂದ ಆಗಲೇ ಕಿತ್ತ ಹಣ್ಣು ತಂದಿದ್ದ, ಶೆಡ್ಡಿನಿಂದ ಮೊಳೆ ತಂದಿದ್ದ, ಚೀಲದಿಂದ ಒಂದು ಹಿಡಿ ತಂತಿ ತಂದಿದ್ದ. ಮಿರಿಮಿರಿ ಮಿಂಚುವ ತಾಮ್ರದ ಬಣ್ಣದ ತಂತಿ. ಕೆಂಪು ದೀಪ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಒಳಗೆ ಸೆಲ್ಲು ಅಡಗಿಲ್ಲವೆಂದು ಎಲ್ಲರಿಗೂ ಖಾತ್ರಿಯಾದ ಮೇಲೆ ಟೀಚರಿನ ಕೈ ಸೇರಿತು. ಸಿದ್ದವ್ವ ಕಂಬಳಿ ಹರವಿ, ಸೌಟು ಹಿಡಿದು ಪಕ್ಕಕ್ಕೆ ನಿಂತಳು.

ಟೀಚರು ಹಣ್ಣುಗಳನ್ನು ಒತ್ತಿ ಮೆತ್ತಗೆ ಮಾಡಿದಳು. ಮೊಳೆ ಚುಚ್ಚಿದಳು, ತಂತಿ ತುಂಡರಿಸಿ ಸಿಕ್ಕಿಸಿದಳು, ಒಂದಕ್ಕೊಂದು ಜೋಡಿಸಿದಳು. ದೀಪ ಸೇರಿಸಿ ಕಂಬಳಿಯೊಳಗೆ ತಲೆ ಹಾಕಿದಳು. ಹೊರಗೆ ಬಂದು ದೀಪದ ಕಾಲು ತಿರುಗಿಸಿ ಕಟ್ಟಿ, ಮತ್ತೆ ಒಳಗೆ ಹೋದಳು. ಇನ್ನೆರಡು ಹಣ್ಣು ಸೇರಿಸಿದಳು. ಮೂರನೆಯ ಸಲ ಹೊರಗೆ ಬಂದಾಗ ಅವಳ ಹಣೆಯಲ್ಲಿ ಬೆವರಿತ್ತು, ಕಣ್ಣು ಸಿದ್ದವ್ವನನ್ನು ತಪ್ಪಿಸುತ್ತಿತ್ತು. ಸಂಗಣ್ಣ ಮುತ್ಯಾ ಕೆಮ್ಮಿದ. ರೇವಪ್ಪ ಸಿದ್ದವ್ವನ ಕೈಯ ಸೌಟಿನ ಕಡೆ ನೋಡಿದ.

ಸಿದ್ದವ್ವ ಸೆರಗಿನಿಂದ ಸೌಟನ್ನು ಒರೆಸಿದಳು, ಹಿಡಿಯಿಂದ ತುದಿಯವರೆಗೆ. ಅನ್ನದ ಅಗುಳು ಅಂಟಿದ ಸೌಟು ಟೇಬಲ್ ಮೇಲಿಡುವುದು ಅವಳ ಪದ್ಧತಿಯಲ್ಲ. ಒರೆಸಿ, ಮಾಸ್ತರರ ಕೋಣೆಯ ಕಡೆಗೆ ಎರಡು ಹೆಜ್ಜೆ ಇಟ್ಟಳು.

“ಅಕ್ಕೋರ, ತಂತಿ ತಿಕ್ಕಿಲ್ಲ.”

ಕಂಬದ ಹತ್ತಿರದಿಂದ ಬಂದ ದನಿ ಸಣ್ಣದಿತ್ತು. ಎಲ್ಲರೂ ತಿರುಗಿದರು. ರಾಜೇಶ್ವರಿ ಮುಂದೆ ಬಂದಳು. ಟೀಚರನ್ನು ನೋಡಿ ಶುರು ಮಾಡಿದವಳು ಅಪ್ಪನನ್ನು ನೋಡುತ್ತಾ ಮುಗಿಸಿದಳು.

“ಮ್ಯಾಲ ಬಣ್ಣ ಇರತೈತ್ರಿ. ಅವತ್ತ ನಾ ಅದನ್ನ ಸಿದ್ದವ್ವಾಯಿ ಕಲ್ಲಿಗೆ ತಿಕ್ಕಿ ತಗದಿದ್ದೆ. ತಂತಿ ತಂದಾಕಿ ನಾನ ಅಪ್ಪಾ. ಶೆಡ್ಡಿನ ಚೀಲದಾಗಿಂದ. ನಿನಗ ಕೇಳಿರಲಿಲ್ಲ.”

ರೇವಪ್ಪ ಮಗಳನ್ನು ನೋಡಿದ, ಆಮೇಲೆ ಸಿದ್ದವ್ವನನ್ನು ನೋಡಿದ. ಹೇಳಂಗಿಲ್ಲ ಎಂದು ನಿನ್ನೆ ಅವಳು ಅಂದದ್ದು ಯಾರನ್ನು ಉಳಿಸಲಿಕ್ಕೆ ಎಂಬುದು ಅವನ ಮುಖದ ಮೇಲೆ ನಿಧಾನವಾಗಿ ಮೂಡುವುದನ್ನು ಸಿದ್ದವ್ವ ಕಂಡಳು. ಕಂಡೂ ಕಾಣದವಳಂತೆ ಮಸೆಯುವ ಕಲ್ಲು ತರಲು ಹೋದಳು.

ಹುಡುಗಿ ಕಲ್ಲಿನ ಮುಂದೆ ಕೂತು ತಂತಿ ತಿಕ್ಕತೊಡಗಿದಳು. ಮಿಂಚುವ ಮೇಲ್ಪದರ ಹೋಗಿ ಒಳಗಿನ ಗುಲಾಬಿ ತಾಮ್ರ ಕಂಡಿತು. ಟೀಚರು ಹಣೆಗೆ ಕೈ ಹಚ್ಚಿಕೊಂಡು ನಕ್ಕುಬಿಟ್ಟಳು. ಮಿಂಚುವುದನ್ನು ನೋಡಿ ನಾನು ಬರಿಯ ತಾಮ್ರವೆಂದೇ ತಿಳಿದೆ ಎಂದಳು. ಮೋಟಾರಿನೊಳಗೆ ತಂತಿಯ ಸುತ್ತು ಒಂದರ ಮೈಗೆ ಒಂದು ಹತ್ತಿಕೊಂಡಿರುತ್ತದೆ. ನಡುವೆ ಈ ವಾರ್ನಿಷ್ ಇಲ್ಲದಿದ್ದರೆ ಕರೆಂಟು ಸುತ್ತಿನ ದಾರಿ ಬಿಟ್ಟು ಅಡ್ಡಹಾಯುತ್ತದೆ. ವಾರ್ನಿಷ್ ಕರೆಂಟನ್ನು ಬಿಡುವುದಿಲ್ಲ, ಮೋಟಾರಿಗೆ ಅದೇ ಬೇಕು, ಲಿಂಬೆಗೆ ಅದೇ ಬೇಡ. ಮೋಟಾರು ಸುಟ್ಟಿತು ಎಂದರೆ ಅತಿಯಾದ ಕಾವಿಗೆ ಈ ವಾರ್ನಿಷ್ ಎಲ್ಲೋ ಒಂದು ಕಡೆ ಸುಟ್ಟಿತು ಎಂದೇ ಅರ್ಥ, ಉಳಿದ ತಂತಿಗೆ ಅದು ಹಾಗೆಯೇ ಅಂಟಿಕೊಂಡಿರುತ್ತದೆ. ಇದನ್ನೆಲ್ಲ ಅವಳು ಪಾಠದ ದನಿಯಲ್ಲಿ ಹೇಳುತ್ತಿದ್ದರೆ ರೇವಪ್ಪನ ತಲೆ ಕೆಳಗೆ ಹೋಯಿತು.

“ಯಾವಾಗ ಕಾಯತೈತ್ರಿ ಅದು ಅಷ್ಟು?” ಎಂದು ಕೇಳಿದ.

ಮೂರು ಫೇಸಿನ ಮೋಟಾರನ್ನು ಎರಡೇ ಫೇಸಿನ ಮೇಲೆ ಎಳೆಸಿದರೆ ಎಂದಳು ಟೀಚರು. ಮೊನ್ನೆ ಲೈನಿನಲ್ಲಿ ಒಂದು ಫೇಸು ಇಲ್ಲದಾಗ ಅದರ ಬದಲಿಗೆ ಕಂಡೆನ್ಸರ್ ಹಾಕಿ ಮೋಟಾರು ಎಳೆಸಿದವರು ಯಾರು ಎಂಬುದು ಆ ಪಡಸಾಲೆಯಲ್ಲಿ ರೇವಪ್ಪನೊಬ್ಬನಿಗೇ ಗೊತ್ತಿತ್ತು.

ತಂತಿ ತಯಾರಾಯಿತು. ಟೀಚರು ಮತ್ತೆ ಜೋಡಿಸಿ, ಈ ಸಲ ತಾನು ಒಳಗೆ ಹೋಗದೆ ರೇವಪ್ಪನಿಗೇ ಕಂಬಳಿಯ ಅಂಚು ಎತ್ತಿ ಕೊಟ್ಟಳು. ಕುರುಬರ ಕಂಬಳಿಯೊಳಗೆ ತಲೆ ಹಾಕಬೇಕಾದೀತೆಂದು ಸಾವಕಾರ ಕನಸಿನಲ್ಲೂ ಎಣಿಸಿರಲಿಲ್ಲ. ಟೋಪಿ ತೆಗೆದು ಮಗಳ ಕೈಗೆ ಕೊಟ್ಟ, ಮತ್ತೆ ಏನನ್ನಿಸಿತೋ, ಮಗಳನ್ನೂ ಒಳಗೆ ಎಳೆದುಕೊಂಡ. ಹೊರಗೆ ನಿಂತವರಿಗೆ ಕಂಬಳಿಯ ಕರಿ ಗುಡ್ಡೆ, ಅದರ ಕೆಳಗೆ ಎರಡು ದೊಡ್ಡ ಕಾಲು, ಎರಡು ಸಣ್ಣ ಕಾಲು ಕಾಣುತ್ತಿದ್ದವು. ಸಿದ್ದವ್ವ ಆ ಕಾಲುಗಳನ್ನೇ ನೋಡುತ್ತಿದ್ದಳು. ಸಣ್ಣ ಕಾಲುಗಳು ಹಿಮ್ಮಡಿ ಎತ್ತಿ ಕುಣಿದಾಗ ಅವಳು ಸೌಟಿನ ಮೇಲಿನ ಹಿಡಿತ ಸಡಿಲಿಸಿದಳು.

“ಹೂಂ,” ಎಂದಿತು ಕಂಬಳಿ. ಸ್ವಲ್ಪ ತಡೆದು, “ಹತ್ತೈತಿ.”

ಆಮೇಲೆ ಕಂಬಳಿಗೆ ಬಿಡುವು ಸಿಗಲಿಲ್ಲ. ಸಂಗಣ್ಣ ಮುತ್ಯಾ ಎರಡು ಸಲ ಹೋಗಿ ಬಂದ, ಕರೆಂಟಿನ ಬಿಲ್ಲಿನ ಮಾತು ಮತ್ತೆ ಎತ್ತಲಿಲ್ಲ. ಬಸಂತರಾಯರು ಸಿದ್ದವ್ವನನ್ನೂ ಕರೆದರು, ನೀನೂ ನೋಡು ಬಾ ಎಂದು. ನಾನು ಮೊನ್ನೆಯೇ ನೋಡಿದ್ದೇನೆ, ನೋಡದವರು ನೋಡಲಿ ಎಂದು ಅವಳು ನಿಂತಲ್ಲಿಂದ ಕದಲಲಿಲ್ಲ.

ರೇವಪ್ಪ ಟೋಪಿ ಹಾಕಿಕೊಂಡು ಮಗಳ ಕಡೆ ತಿರುಗಿದ. “ಕೇಳಿ ಒಯ್ಯಾಕ ಏನಾಗಿತ್ತು ನಿನಗ?”

“ಕೇಳಿದ್ರ ಕೊಡ್ತಿದ್ದೇನು?”

ರೇವಪ್ಪ ಟೋಪಿಯನ್ನು ಸರಿಮಾಡಿಕೊಂಡ. ಟೀಚರಿನ ಕಡೆ ತಿರುಗಿ, ಚೀಲದಲ್ಲಿ ಇನ್ನೂ ತಂತಿ ಇದೆ, ಬೇಕಾದಷ್ಟು ತರಿಸಿಕೊಳ್ಳಿ ಎಂದ. ಎಂಟನೇ ಇಯತ್ತೆಗೂ ಇಂಥ ಪಾಠ ಇರುತ್ತದೆಯೇ ಎಂದು ಕೇಳಿದ. ಇರುತ್ತದೆ, ಇನ್ನೂ ದೊಡ್ಡದಿರುತ್ತದೆ ಎಂದಳು ಟೀಚರು. ರೇವಪ್ಪ ತಲೆಯಾಡಿಸಿ ಮೆಟ್ಟಿಲ ಕಡೆಗೆ ನಡೆದ. ಅಷ್ಟಕ್ಕೇ ಹೋಗುತ್ತಿದ್ದನೇನೋ. ಸಿದ್ದವ್ವ ಎದುರಿಗೆ ಬಂದು ನಿಂತಳು, ಕೈಯಲ್ಲಿ ಸೌಟು.

“ನಿನ್ನಿ ಅನ್ನ ದನಕ್ಕ ಹಾಕೀನ್ರಿ ಸಾವ್ಕಾರ್ರ. ಇವತ್ತಿಂದು ಹುಡುಗೂರಿಗೆ ಹಾಕಲೋ ದನಕ್ಕ ಹಾಕಲೋ? ನೀವ ಹೇಳಿ ಹೋಗ್ರಿ.”

ಅವಳ ದನಿ ಏರಿರಲಿಲ್ಲ. ಆದರೆ ಪಡಸಾಲೆಯ ತುಂಬ ಕೇಳಿಸಿತು. ರೇವಪ್ಪ ಅವಳ ಮುಖ ನೋಡಲಾರದೆ ಸೌಟನ್ನು ನೋಡಿದ.

“ನೀಡು,” ಎಂದ. “ಮೊದಲ ನಮ್ಮ ಹುಡುಗಿಗಿ ನೀಡು. ತಪ್ಪು ನಂದೈತಿ.”

ಸಿದ್ದವ್ವ ದಾರಿ ಬಿಟ್ಟಳು.

ಆ ಮಧ್ಯಾಹ್ನ ತಾಟುಗಳ ಸಪ್ಪಳ ಊರಿಗೆಲ್ಲ ಕೇಳಿತು. ಮೊದಲು ತಾಟು ಹಿಡಿದವಳು ರಾಜೇಶ್ವರಿ. ಸಿದ್ದವ್ವ ಅವಳಿಗೆ ಅನ್ನ ನೀಡಿ, ಸಾರು ಹಾಕಿ, ಇನ್ನು ಮೇಲೆ ನನ್ನ ಕಲ್ಲು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಎಲ್ಲರೆದುರೇ ಬೈದು, ಮೇಲೊಂದು ಸೌಟು ಹೆಚ್ಚಿಗೆ ಹಾಕಿದಳು. ಪಾತ್ರೆಯ ತಳ ಕೆರೆಯಬೇಕಾಯಿತು. ಫಿರದೋಸ ತಳ ಕೆರೆಯುತ್ತಾ, ಇವತ್ತು ಅಕ್ಕಿಯಲ್ಲಿ ನಾನು ಪಿನ್ನು ಹಾಕಿರಲಿಲ್ಲ ನೋಡು, ಆದರೂ ನಿನ್ನ ಮುಖ ಹೇಗೆ ಅಗಲವಾಗಿದೆ ಎಂದು ಕೆಣಕಿದಳು.

ಹೊತ್ತು ಇಳಿಯುವಾಗ ಬೀರಣ್ಣನ ಫೋನು ಬಂತು. ಹೇಗೋ ಆಗಲೇ ಅವನಿಗೆ ಸುದ್ದಿ ಮುಟ್ಟಿತ್ತು, ಕುರಿಗಾರರಿಗೆ ಕಾಡಿನಲ್ಲಿದ್ದರೂ ಊರಿನ ಸುದ್ದಿ ಮೊದಲು ತಿಳಿಯುತ್ತದೆ. ಸಾವಕಾರ ತಪ್ಪು ಒಪ್ಪಿದ್ದು ನಿಜವೇ ಎಂದು ಎರಡು ಸಲ ಕೇಳಿ ಹೇಳಿಸಿಕೊಂಡ. ಅವನು ತಲೆ ಹಾಕಿದ್ದು ನಮ್ಮ ಕಂಬಳಿಯೊಳಗೇ ಎಂಬುದನ್ನು ಮೂರು ಸಲ. ಆಮೇಲೆ ಅವನ ಮನಸ್ಸಿನಲ್ಲಿದ್ದ ಮಾತು ಬಂತು.

“ಅಲ್ಲಾ, ಬೆಳಕು ಎಲ್ಲಿಂದ ಬಂತು? ಲಿಂಬಿಕಾಯ್ದಾಗ ಇತ್ತೇನು?”

ಸಿದ್ದವ್ವ ಹೊರಗಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಓಣಿಯಲ್ಲಿ ಹೋಗುವವರಿಗೆ ಕೇಳುವಷ್ಟು ದನಿ ಏರಿಸಿದಳು.

“ಲಿಂಬ್ಯಾಗ ಏನೂ ಇಲ್ಲ. ಮೊಳಿ ಮ್ಯಾಲಿನ ಸತು ಕರಗತೈತಿ, ಅದರ ಬೆಳಕು ಅದು. ಹುಳಿ ಬರೇ ದಾರಿ ಮಾಡಿ ಕೊಡತೈತಿ. ನಿನ್ನ ಸೆಲ್ಲಿಂದೂ ಅದ ಕತಿ.”

ಬೀರಣ್ಣ, ಹಾಗಾದರೆ ಸೆಲ್ಲುಗಳನ್ನು ಬಿಸಿಲಿಗೆ ಇಡಲೋ ಬೇಡವೋ ಎಂದು ಕೇಳಿದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯ ಅಭಿಪ್ರಾಯ ಕೇಳಿದ್ದು ಕುರಿಯ ಹೊಟ್ಟೆನೋವಿನ ವಿಷಯಕ್ಕೆ ಮಾತ್ರ. ಟೀಚರು ಪಾಠ ಮಾಡುವಾಗ ಮಕ್ಕಳಿಗೆ ಯೋಚಿಸಲು ಬಿಡುವಂತೆ ಸಿದ್ದವ್ವನೂ ಗಂಡನನ್ನು ಸ್ವಲ್ಪ ಹೊತ್ತು ಬಿಟ್ಟಳು.

“ಇಡು,” ಎಂದಳು ಆಮೇಲೆ. “ಒಂದು ಸಂಜಿ ಹತ್ತತೈತಿ. ಆದರ ಜೀವ ಬಂತು ಅನ್ನಬ್ಯಾಡ. ಇದ್ದದ್ದು ಖರ್ಚಾತು ಅನ್ನು.”